ಕಟಕಟ ಲಾರಿ

ನಮ್ಮ ಸೋದರಮಾವನಿಗೆ ಕಿವಿ ಕೇಳಿಸುತ್ತಿರಲಿಲ್ಲ, ಆದರೆ ಹಲ್ಲು ಚೆನ್ನಾಗಿ ಕೇಳಿಸುತ್ತಿತ್ತು! ನಗಬೇಡಿ. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಹುಟ್ಟಿ, ಪವರ್‌ಲೂಮಿಗೆ ಅರ್ಧ ಕಿವಿ ಒಪ್ಪಿಸಿ, ಉಳಿದರ್ಧವಾದರೂ ಉಳಿಯಲಿ ಎಂದು ನೆಲಮಂಗಲದ ಹತ್ತಿರ ಲಾರಿ ರಿಪೇರಿ ಶೆಡ್ ಹಾಕಿದ ಮಹಾನುಭಾವರು ಅವರು. ಸದ್ದಿಗೆ ಹೆದರಿ ಡೀಸೆಲ್ ಎಂಜಿನ್ ಪಕ್ಕ ಹೋಗಿ ಕೂತವರನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಅದು ತೊಂಬತ್ತರ ದಶಕದ ಆರಂಭ. ಈಗಿನ ಹಾಗೆ ಲಾರಿಗೆ ವೈರು ಚುಚ್ಚಿ ಕಂಪ್ಯೂಟರಿನಲ್ಲಿ ರೋಗ ಓದುವ ಕಾಲವಲ್ಲ. ಮಾವ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿ ಕಣ್ಣು ಮುಚ್ಚುತ್ತಿದ್ದರು. ಸದ್ದು ಹಲ್ಲಿನಿಂದ ತಲೆಗೆ ಏರುತ್ತಿತ್ತು. ಆಮೇಲೆ ಎಂಜಿನ್ ಜೊತೆ ಮಾತು: “ಏನವ್ವಾ, ಎಲ್ಲಿ ನೋವು? ಬಾಯ್ಬಿಟ್ಟು ಹೇಳು!” ಒಮ್ಮೆ ಶಿವಗಂಗೆಗೆ ಹೊರಟಿದ್ದ ಹೆಂಗಸೊಬ್ಬರು ಇದನ್ನು ಕಂಡು, ಮೈಮೇಲೆ ದೇವರು ಬಂದಿದೆ ಎಂದು ಕೈಮುಗಿದರು. ಮಾವ ಹಿಡಿ ಕಚ್ಚಿಕೊಂಡೇ ಆಶೀರ್ವಾದ ಮಾಡಿದರು!

ಒಂದು ದಿನ ಕುಂದಾಣದ ಕಡೆಯವನೊಬ್ಬ ಲಾರಿ ತಂದು ನಿಲ್ಲಿಸಿದ. ಹಳೆಯ ಗಾಡಿ, ಅವನು ಹೊಸದಾಗಿ ಕೊಂಡಿದ್ದ. ಮುಖದಲ್ಲಿ ರಕ್ತವಿರಲಿಲ್ಲ.

“ಗುರು, ಇದರೊಳಗೆ ಏನೋ ಸೇರ್ಕೊಂಡೈತೆ. ಶಿವಗಂಗೆ ದಾರೀಲಿ ಏರು ಹತ್ತಿದ್ರೆ ನೀಲಗಿರಿ ತೋಪಿನ ಹತ್ರಾನೇ ಆಫ್ ಆಗ್ಬಿಡುತ್ತೆ. ಆಮೇಲೆ ತೋಪಿಂದ ಹೆಂಗಸು ಬರ್ತಾಳೆ.”

“ಹೊಗೆ ಬರ್ತದಾ?” ಎಂದರು ಮಾವ.

“ಹೊಗೆಯಲ್ಲ, ಹೆಂಗಸು! ಕೈಯಲ್ಲಿ ಲೋಟ ಹಿಡ್ಕೊಂಡು! ನನ್ನ ಕಡೆ ನೋಡಲ್ಲ, ಗಾಡೀನೇ ನೋಡ್ಕೊಂಡು ಬರ್ತಾಳೆ. ಹೋದ್ಸಲ ಗಾಡಿ ಬಿಟ್ಟು ಓಡ್ಬಿಟ್ಟೆ.”

ಮರುದಿನ ಮಧ್ಯಾಹ್ನ ಮಾವನೇ ಆ ಲಾರಿ ಓಡಿಸಿದರು. ಜೊತೆಗೆ ಬರಲು ಮಾಲೀಕ ಒಪ್ಪಲಿಲ್ಲ; ಹೋದವನು ನಾನು. ದಾರಿಯುದ್ದಕ್ಕೂ ಎಂಜಿನ್ ಕಟಕಟ ಎನ್ನುತ್ತಿತ್ತು. ಏರಿನಲ್ಲಿ ತೋಪು ಕಾಣಿಸಿತು. ಗಾಡಿ ಕೆಮ್ಮಿತು, ನಡುಗಿತು, ನಿಂತೇ ಹೋಯಿತು. ಒಂದು ಹಕ್ಕಿಯೂ ಕೂಗಲಿಲ್ಲ. ಗಾಳಿಯೇ ಇಲ್ಲದ ಬಿಸಿಲಿನಲ್ಲಿ ತರಗೆಲೆ ಸರಸರ ಎಂದಿತು. ಮರಗಳ ನಡುವಿನಿಂದ ಅವಳು ಬಂದಳು. ಲೋಟದಲ್ಲಿ ಹಬೆಯಾಡುತ್ತಿತ್ತು.

ನೇರ ಬಾನೆಟ್ಟಿನ ಹತ್ತಿರ ಬಂದು, ಸುಡುವ ತಗಡಿನ ಮೇಲೆ ಅಂಗೈ ಇಟ್ಟಳು. “ಬಂದ್ರಾ? ಇವತ್ತು ಲೇಟಾಯ್ತಲ್ಲ,” ಎಂದಳು. ನಮಗಲ್ಲ, ಎಂಜಿನ್ನಿಗೆ! ನಾನು ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಮಾವನಿಗೇನು, ಅವಳ ಮಾತು ಕೇಳಿಸಿದ್ದರೆ ತಾನೆ ಭಯ? ಇಳಿದು ಲೋಟ ಇಸಿದುಕೊಂಡು ಕುಡಿದೇ ಬಿಟ್ಟರು! “ಸಕ್ಕರೆ ಕಮ್ಮಿಯಾಯ್ತು ಕಣವ್ವಾ.”

“ಅವ್ರಿಗೆ ಕಮ್ಮೀನೇ ಆಗ್ಬೇಕು,” ಎಂದು, ಅವಳು ಮೊದಲ ಸಲ ನಮ್ಮ ಕಡೆ ತಿರುಗಿದಳು.

ತೋಪಿನ ಹಿಂದೆ ಅವಳ ಟೀ ಅಂಗಡಿ. ಆ ಲಾರಿ ಅವಳ ಗಂಡನದು. ಕಾಮಾಲೆಯಾಗಿ ಅವನು ಹೋದ ಮೇಲೆ ಮಾರಿದ್ದರು. “ಹೋದೋರು ಬರಲ್ಲ ಅಂತ ಗೊತ್ತಣ್ಣಾ. ಆದ್ರೆ ಕೆಳಗಿನ ತಿರುವಲ್ಲಿ ಈ ಕಟಕಟ ಕೇಳಿದ್ರೆ ಕೈ ತಾನಾಗೇ ಟೀ ಕಾಯಿಸುತ್ತೆ.”

“ಏನಂತೋ?” ಎಂದು ಮಾವ ನನ್ನನ್ನು ಕೇಳಿದರು.

ಅವಳ ಮುಂದೆ ನಿಂತು ಕಿರುಚದೆ ಬೇರೆ ದಾರಿಯಿತ್ತೇ? “ಇವ್ರ ಯಜಮಾನ್ರು ತೀರ್ಕೊಂಡ್ರಂತೆ ಮಾವಾ!” ತೋಪು ಅದನ್ನೇ ತಿರುಗಿ ಹೇಳಿತು: ತೀರ್ಕೊಂಡ್ರಂತೆ... ಕಟಕಟ ಕೇಳಿ ಟೀ ಕಾಯಿಸುವ ವಿಷಯವನ್ನೂ ಕೂಗಿಯೇ ಹೇಳಿದೆ. ಮಾವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ರೋಗ ಸಿಕ್ಕಿತು. ಡೀಸೆಲ್ ಪೈಪಿನಲ್ಲಿ ಕೂದಲೆಳೆಯ ಬಿರುಕು. ಏರಿನಲ್ಲಿ ಗಾಳಿ ಎಳೆದುಕೊಂಡು ಎಂಜಿನ್ ನಿಲ್ಲುತ್ತಿತ್ತು. ಹೇಗೋ ಗಾಡಿಯನ್ನು ಶೆಡ್ಡಿಗೆ ತಂದು ಪೈಪು ಬದಲಿಸಿದರು. ಆ ತೋಪೇ ಏಕೆ ಎಂದರೆ, “ಏರು ಅಲ್ಲೇ ಕಡಿದು” ಎಂದರು. ಇರಬಹುದು, ಅಲ್ಲವೇ?

ಉಳಿದದ್ದು ಕಟಕಟ. ಎಂಜಿನ್ನಿನ ವಾಲ್ವು ಒತ್ತುವ ಟ್ಯಾಪೆಟ್ ಸಡಿಲವಾಗಿತ್ತು, ಅಷ್ಟೇ. ಸ್ಪ್ಯಾನರ್ ಒಂಚೂರು ತಿರುಗಿಸಿದರೆ ಸದ್ದು ಮಾಯ. ಮಾವ ಸ್ಪ್ಯಾನರ್ ಎತ್ತಿದರು. ತಿರುಗಿಸದೆಯೇ ಕೆಳಗಿಟ್ಟರು.

“ಸದ್ದು ಹೋಗಿಲ್ವಲ್ಲ ಗುರು?” ಎಂದ ಮಾಲೀಕ, ಗಾಡಿ ಒಯ್ಯಲು ಬಂದಾಗ.

“ಹುಟ್ಟುಗುಣ ಕಣಪ್ಪಾ, ಹೋಗಲ್ಲ. ಅಪಾಯ ಏನಿಲ್ಲ. ತೋಪಿನ ಹತ್ರ ಭಯ ಬೀಳ್ದೆ ನಿಲ್ಸು, ಟೀ ಸಿಗುತ್ತೆ.”

“ಪೂರ್ತಿ ಕಿವುಡಾಗ್ಬಿಟ್ಟವ್ರೆ ಪಾಪ, ಇನ್ನು ಇವ್ರ ಹತ್ರ ಯಾರು ಬರ್ತಾರೆ!” ಎಂದು ನನ್ನ ಕಡೆ ಗೊಣಗಿ ಅವನು ಹೊರಟ. ಎಂಥ ಮಾತು! ಅದನ್ನು ಮಾವನ ಕಿವಿಯಲ್ಲಿ ಕೂಗಲು ಹೋದೆ. ಅವರು ಕೈಯೆತ್ತಿ ತಡೆದರು. ಲಾರಿ ಕಟಕಟ ಎನ್ನುತ್ತಾ ರಸ್ತೆಗೆ ಇಳಿಯುತ್ತಿತ್ತು.

“ಬಿಡೋ,” ಎಂದರು ಮಾವ. “ಆಯಮ್ಮಂಗೆ ಕೇಳಿಸಿದ್ರೆ ಸಾಕು.”