ಏಳೂವರೆ ಮೈಲೇಜಿನ ಫಿಯಟ್

ಕಳೆದ ಆಯುಧಪೂಜೆ ಮುಗಿದ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಪಾಂಡವಪುರದ ಶಿವಲಿಂಗಣ್ಣನ ಗ್ಯಾರೇಜಿನ ಮುಂದೆ, ಆರು ಜನ ಕೇಳುತ್ತಿದ್ದಂತೆ, ನಾನು ಶಿವಲಿಂಗಣ್ಣನನ್ನು ಪೆಟ್ರೋಲ್ ಕಳ್ಳ ಎಂದೆ. ಯಾರು, ಏನು, ಎಲ್ಲಿ, ಯಾವಾಗ ಎಂಬ ನಾಲ್ಕು ಪ್ರಶ್ನೆಗಳಿಗೂ ಈ ವಾಕ್ಯದಲ್ಲಿ ಉತ್ತರವಿದೆ. ಐದನೆಯ ಪ್ರಶ್ನೆ ‘ಏಕೆ’. ಅದಕ್ಕೆ ಉತ್ತರ ಹೇಳಲು ನಾಚಿಕೆಯಾಗುವುದರಿಂದಲೇ ಈ ಬರಹ ಇಷ್ಟು ಉದ್ದವಾಗಿದೆ.

ನಾನು ಕೆ.ಆರ್. ಪೇಟೆಯಲ್ಲಿದ್ದುಕೊಂಡು ಸುತ್ತಲಿನ ನಾಲ್ಕು ತಾಲ್ಲೂಕುಗಳ ಸುದ್ದಿ ಬರೆಯುವ ಪತ್ರಕರ್ತ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಗುರುತು ಮಾಡಿಕೊಳ್ಳುವುದು, ಒಂದು ಕಡೆಯವರು ಹೇಳಿದ್ದನ್ನು ಇನ್ನೊಂದು ಕಡೆಯವರ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳುವುದು, ಇವೆರಡು ನನ್ನ ಕಸುಬಿನ ಶಿಸ್ತು. ಈ ಶಿಸ್ತಿನ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಹೊಸದಾಗಿ ಸೇರಿದ ವರದಿಗಾರರಿಗೆ ಕೇಳದಿದ್ದರೂ ಉಪದೇಶ ಮಾಡುತ್ತಿದ್ದೆ.

ಇಷ್ಟಕ್ಕೆಲ್ಲ ಕಾರಣವಾದ ನನ್ನ ಕಾರು ಮೊದಲು ಶ್ರೀರಂಗಪಟ್ಟಣದ ಒಬ್ಬ ನಿವೃತ್ತ ಡಾಕ್ಟರದಾಗಿತ್ತು. ವಯಸ್ಸಿನಲ್ಲಿ ನನಗಿಂತ ಹಿರಿದಾದ ಫಿಯಟ್. ಬಾಗಿಲು ಹಾಕಿದರೆ ಈಗಿನ ಕಾರುಗಳಂತೆ ತಗಡಿನ ಡಬ್ಬಿಯ ಸದ್ದು ಬರುವುದಿಲ್ಲ, ಬೀರುವಿನ ಬಾಗಿಲು ಹಾಕಿದ ಹಾಗೆ ಘನವಾದ ಸದ್ದು ಬರುತ್ತದೆ. ಆ ಒಂದು ಸದ್ದಿಗೆ ಮನಸೋತು ಕೊಂಡುಕೊಂಡೆ. ಡಾಕ್ಟರು ಬೀಗದ ಕೈ ಕೊಡುತ್ತಾ, “ಲೀಟರಿಗೆ ಹನ್ನೆರಡು ಕೊಡುತ್ತೆ. ಕಾರ್ಬೊರೇಟರನ್ನ ಮಾತ್ರ ಯಾರ ಕೈಗೂ ಕೊಡಬೇಡಿ, ಚೆನ್ನಾಗಿದೆ” ಎಂದರು. ಬರೆದುಕೊಂಡೆ.

ಕಾರು ಮನೆಗೆ ಬಂದ ದಿನ ಪೂಜೆ ಮಾಡಿದೆವು. ಚಕ್ರಕ್ಕೆ ನಿಂಬೆಹಣ್ಣು, ಬಾನೆಟ್ಟಿಗೆ ಹಾರ, ಸ್ಟೇರಿಂಗಿಗೆ ಅರಿಶಿನ. ಮೀಟರಿನ ಗಾಜಿನ ಕೆಳಭಾಗದಲ್ಲಿ ಒಂದಿಷ್ಟು ಜಾಗ ಖಾಲಿ ಇದ್ದಂತೆ ಕಂಡಿತು. ಅಲ್ಲಿಗೆ ನಾನೇ ನನ್ನ ಕೈಯಾರೆ ಗಂಧ ಹಚ್ಚಿ, ಮೇಲೆ ಕುಂಕುಮ ಇಟ್ಟೆ. ಅಂದಿನಿಂದ ಪ್ರತಿ ಶುಕ್ರವಾರ ತಪ್ಪದೆ ಅದೇ ಜಾಗಕ್ಕೆ ಕುಂಕುಮ. ಶಿಸ್ತು ಎಂದೆನಲ್ಲ, ಅದು ಇಲ್ಲಿಯೂ ಬಿಡಲಿಲ್ಲ.

ಎರಡನೆಯ ವಾರದಿಂದ ಲೆಕ್ಕ ಶುರುವಾಯಿತು. ಟ್ಯಾಂಕು ತುಂಬಿಸುವುದು, ಮೀಟರ್ ನೋಡಿ ಬರೆದುಕೊಳ್ಳುವುದು, ನಾಗಮಂಗಲಕ್ಕೆ ಹೋಗಿ ಬಂದು ಮತ್ತೆ ತುಂಬಿಸುವುದು. ಲೀಟರಿಗೆ ಏಳೂವರೆ ಬಂತು. ಮತ್ತೊಮ್ಮೆ ನೋಡಿದೆ, ಏಳೂವರೆ. ಶ್ರೀರಂಗಪಟ್ಟಣದ ದಾರಿಯಲ್ಲೂ ಏಳೂವರೆಯೇ. ಮೊದಲು ಡಾಕ್ಟರ ಮೇಲೆ ಅನುಮಾನ ಬಂತು. ಆಮೇಲೆ ಪೆಟ್ರೋಲ್ ಬಂಕಿನ ಮೇಲೆ. ಬಂಕಿನಲ್ಲಿ ಐದು ಲೀಟರಿನ ಅಳತೆಪಾತ್ರೆ ತರಿಸಿ ನನ್ನ ಕಣ್ಣೆದುರೇ ಹಿಡಿಸಿದೆ. ಸರಿಯಾಗಿತ್ತು. ಸರಿಯಾಗಿದ್ದದ್ದು ನನಗೆ ಬೇಸರ ತಂದಿತು.

ಹಾಗೆ ಶಿವಲಿಂಗಣ್ಣನ ಹತ್ತಿರ ಹೋದೆ. ಈಗಿನ ಮೆಕ್ಯಾನಿಕ್‌ಗಳು ಕಾರಿಗೆ ಕಂಪ್ಯೂಟರ್ ಸಿಕ್ಕಿಸುತ್ತಾರೆ. ಶಿವಲಿಂಗಣ್ಣ ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಾನೆ. ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಬಿಚ್ಚಿ ಅಂಗೈ ಮೇಲೆ ಇಟ್ಟುಕೊಂಡು ನನಗೆ ತೋರಿಸಿದ. “ನೋಡಿ ಸಾ, ಉರಿದ ರಾಗಿ ಬಣ್ಣ ಇದ್ದಂಗದೆ. ಪೆಟ್ರೋಲ್ ಜಾಸ್ತಿ ಕುಡಿಯೋ ಗಾಡೀದು ಮಸಿ ಇಡ್ಕೊಂಡಿರ್ತದೆ. ಇದ್ಕೇನೂ ಆಗಿಲ್ಲ, ಸುಮ್ನೆ ಓಡ್ಸಿ.”

ನಾನು ನೋಟ್‌ಬುಕ್ ತೆಗೆದು ಏಳೂವರೆ ತೋರಿಸಿದೆ.

“ಬುಕ್ಕಲ್ಲಿ ಇರ್ಬೋದು ಸಾ, ಪ್ಲಗ್ಗಲ್ಲಿ ಇಲ್ವಲ್ಲ” ಎಂದ.

ಬರೆದಿಟ್ಟದ್ದಕ್ಕಿಂತ ಪ್ಲಗ್ಗಿನ ಬಣ್ಣ ದೊಡ್ಡದೇ ಎಂದು ನನಗೆ ಸಿಟ್ಟು ಬಂತು. ಪೆಟ್ರೋಲ್ ಕಡಿಮೆ ಮಾಡು ಎಂದು ಪಟ್ಟು ಹಿಡಿದೆ. ಕಾರ್ಬೊರೇಟರ್ ಎಂದರೆ ಗಾಳಿ, ಪೆಟ್ರೋಲ್ ಎರಡನ್ನೂ ಬೆರೆಸಿ ಎಂಜಿನ್ನಿಗೆ ಉಣಿಸುವ ಭಾಗ. “ಮುದ್ದೆ ತಿರುವೋ ಅದ ಇದ್ದಂಗೆ ಸಾ ಇದು. ಇಟ್ಟು ಕಮ್ಮಿ ಮಾಡಿ ನೀರು ಉಯ್ದ್ರೆ ಅಂಬಲಿ ಆಯ್ತದೆ, ಗೇಯೋನಿಗೆ ಸಾಲಲ್ಲ” ಎಂದು ಅವನು ಹೇಳಿದರೂ ಬಿಡಲಿಲ್ಲ. ಕಡೆಗೆ ಅವನು ಉಸಿರು ಬಿಟ್ಟು ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡಿದ. ಮುಂದಿನ ವಾರ ಇನ್ನರ್ಧ ಸುತ್ತು. ಅದರ ಮುಂದಿನ ವಾರ ಪೆಟ್ರೋಲ್ ಹಾಯುವ ಜೆಟ್ಟನ್ನೇ ತೆಗೆಸಿ ಸಣ್ಣ ತೂತಿನದನ್ನು ಹಾಕಿಸಿದೆ. ಅಂಬಲಿ ಕುಡಿದ ಕಾರು ಕೆಮ್ಮತೊಡಗಿತು. ಚಿನಕುರಳಿಯ ಹತ್ತಿರದ ಏರಿನಲ್ಲಿ ಜಲ್ಲಿ ತುಂಬಿದ ಟ್ರಾಕ್ಟರೊಂದು ನನ್ನನ್ನು ಹಿಂದೆ ಹಾಕಿತು. ಅದರ ಡ್ರೈವರ್ ಬಗ್ಗಿ ನೋಡಿ, “ತಳ್ಳಬೇಕಾ ಯಜಮಾನ್ರೇ?” ಎಂದು ವಿಚಾರಿಸಿಕೊಂಡು ಹೋದ. ಶಕ್ತಿಯಿಲ್ಲದ ಕಾರನ್ನು ಹೆಚ್ಚು ತುಳಿದೆ. ಲೆಕ್ಕ ನೋಡಿದರೆ ಏಳೂವರೆ ಏಳಕ್ಕೆ ಇಳಿದಿತ್ತು. ಕಾರು ಕೆಟ್ಟದ್ದಲ್ಲ, ಶಿವಲಿಂಗಣ್ಣನ ಗ್ಯಾರೇಜಿನಲ್ಲಿ ನಿಲ್ಲಿಸಿದ ದಿನಗಳಲ್ಲೇ ಪೆಟ್ರೋಲ್ ಮಾಯವಾಗುತ್ತಿದೆ ಎಂಬ ತೀರ್ಮಾನಕ್ಕೆ ಬಂದೆ. ಭಾನುವಾರ ಹತ್ತೂವರೆಗೆ ನಡೆದದ್ದನ್ನು ಆಗಲೇ ಹೇಳಿದ್ದೇನೆ.

ಅಷ್ಟಕ್ಕೇ ನಿಂತಿದ್ದರೆ ಬಾಯಿ ಮಾತು ಎನ್ನಬಹುದಿತ್ತು. ಮಂಗಳವಾರದ ಪತ್ರಿಕೆಯಲ್ಲಿ ಒಂದು ಸಣ್ಣ ಸುದ್ದಿ ಬಂತು: ‘ಪಾಂಡವಪುರ: ಗ್ಯಾರೇಜಿನಲ್ಲಿ ಹಳೆ ಕಾರುಗಳ ಪೆಟ್ರೋಲ್ ಕಳವು, ಸಾರ್ವಜನಿಕರ ಆರೋಪ.’ ಬರೆದದ್ದು ನಾನು. ನಮ್ಮ ಕಸುಬಿನಲ್ಲಿ ಸಾರ್ವಜನಿಕರು ಬಹಳ ಉಪಯೋಗಕ್ಕೆ ಬರುವ ಜನ. ಚರಂಡಿ ಕಟ್ಟಿಕೊಂಡರೆ ಆಗ್ರಹಿಸುತ್ತಾರೆ, ಬಸ್ಸು ಬಾರದಿದ್ದರೆ ಆಕ್ರೋಶ ವ್ಯಕ್ತಪಡಿಸುತ್ತಾರೆ, ಸೇತುವೆಯಾದರೆ ಹರ್ಷಿಸುತ್ತಾರೆ. ಅವರ ಮನೆ ಎಲ್ಲಿ ಎಂದು ಈವರೆಗೆ ಯಾರೂ ಕೇಳಿಲ್ಲ. ಈ ಸಲ ಅವರ ಮನೆ ಕೆ.ಆರ್. ಪೇಟೆಯಲ್ಲಿತ್ತು, ಅವರ ಹೆಂಡತಿಯ ಹೆಸರು ಸಾವಿತ್ರಿ. ನನ್ನ ಹೆಂಡತಿಯ ಹೆಸರೂ ಅದೇ.

ಸುದ್ದಿಯಲ್ಲಿ ಶಿವಲಿಂಗಣ್ಣನ ಹೆಸರು ಹಾಕದೆ ನಾನು ನೀತಿ ಪಾಲಿಸಿದ್ದೆ. ಆದರೆ ಪಾಂಡವಪುರದಲ್ಲಿ ಹಳೆಯ ಕಾರಿನ ಕಾರ್ಬೊರೇಟರ್ ಬಿಚ್ಚುವವನು ಅವನೊಬ್ಬನೇ. ಅವನ ಹತ್ತಿರ ಖಾಯಂ ಆಗಿ ಬರುತ್ತಿದ್ದ ಇಬ್ಬರು ಅಂಬಾಸಿಡರಿನವರು ಆ ವಾರದಿಂದ ಬರಲಿಲ್ಲ.

ಹದಿನೈದು ದಿನದ ಮೇಲೆ, ಶೀಳನೆರೆಯಲ್ಲಿರುವ ನಾದಿನಿಯ ಮನೆಗೆ ಸಾವಿತ್ರಿಯನ್ನು ಕರೆದುಕೊಂಡು ಹೊರಟೆ. ದಾರಿಯಲ್ಲಿ ಶೀಳನೆರೆ ಎಂಟು ಎಂದು ಬರೆದ ಕಲ್ಲು ಬಂತು. ಊರು ಮುಟ್ಟಿದಾಗ ಮೀಟರ್ ಐದು ಮಾತ್ರ ಮುಂದಕ್ಕೆ ಹೋಗಿತ್ತು. “ನೋಡಿದೆಯಾ? ಈ ರಸ್ತೆಯ ಮೈಲಿಗಲ್ಲುಗಳೆಲ್ಲ ತಪ್ಪು. ಇದರ ಮೇಲೂ ಒಂದು ಸುದ್ದಿ ಮಾಡಬೇಕು” ಎಂದೆ.

ಸಾವಿತ್ರಿ ಮೀಟರಿನ ಕಡೆ ಬಗ್ಗಿ ನೋಡಿದಳು. “ಅಲ್ಲಾರೀ, ಡಾಕ್ಟ್ರು ಸುಳ್ಳು, ಬಂಕಿನವ್ರು ಸುಳ್ಳು, ಶಿವಲಿಂಗಣ್ಣ ಕಳ್ಳ, ಈಗ ಕಲ್ಲೂ ಸುಳ್ಳು. ಇಷ್ಟೊಂದು ಜನ ಸೇರ್ಕಂಡು ಸುಳ್ಳು ಹೇಳೋಕೆ ನೀವೇನು ಅಷ್ಟು ದೊಡ್ಡ ಮನುಷ್ಯರಾ?” ಎಂದಳು. ಆಮೇಲೆ ಸೆರಗಿನ ತುದಿಗೆ ಬಾಟಲಿಯ ನೀರು ಹಾಕಿಕೊಂಡು, ಮೀಟರಿನ ಮೇಲೆ ಪದರ ಪದರವಾಗಿ ಒಣಗಿದ್ದ ಗಂಧ ಕುಂಕುಮವನ್ನು ಒರೆಸತೊಡಗಿದಳು. ಪೂಜೆಯದ್ದು ಬೇಡ ಎಂದೆ. ಕೇಳಲಿಲ್ಲ. ಕೆಂಪೆಲ್ಲ ಹೋದ ಮೇಲೆ ಅಡಿಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳು ಕಂಡವು. ಅವಳು ಕೂಡಿಸಿ ಓದಿದಳು. “ಮೈಲ್ಸ್.”

ಕಾರು ನಮ್ಮ ದೇಶ ಇನ್ನೂ ಮೈಲಿಯಲ್ಲಿ ಅಳೆಯುತ್ತಿದ್ದ ಕಾಲದ್ದು. ಐದು ಮೈಲಿ ಎಂದರೆ ಎಂಟು ಕಿಲೋಮೀಟರ್. ಏಳೂವರೆ ಮೈಲಿ ಎಂದರೆ ಹನ್ನೆರಡು. ಮೀಟರಿನ ಮುಳ್ಳು ನಲವತ್ತರಲ್ಲಿದ್ದಾಗಲೇ ನಾನು ಲಾರಿಗಳನ್ನು ಹಿಂದೆ ಹಾಕುತ್ತಿದ್ದೆ. ಲಾರಿಗಳು ಈಚೆಗೆ ನಿಧಾನವಾಗಿವೆ ಎಂದುಕೊಂಡಿದ್ದೆ. ಕಿಲೋಮೀಟರ್ ಬರೆದ ಕಲ್ಲನ್ನು ಮೈಲಿಗಲ್ಲು ಎನ್ನುತ್ತಿದ್ದೆ, ಮೈಲಿ ತೋರಿಸುವ ಮೀಟರನ್ನು ಕಿಲೋಮೀಟರ್ ಎಂದು ಓದುತ್ತಿದ್ದೆ, ಬಾಯಲ್ಲಿ ದಿನಕ್ಕೆ ಹತ್ತು ಸಲ ‘ಮೈಲೇಜ್’ ಎನ್ನುತ್ತಿದ್ದೆ. ಎಲ್ಲರನ್ನೂ ಅನುಮಾನಿಸಿದವನು ಮೀಟರಿನ ಹೇಳಿಕೆಯನ್ನು ಮಾತ್ರ ಪಡೆದಿರಲಿಲ್ಲ. ಅದರ ಬಾಯಿಗೆ ವಾರವಾರ ಕುಂಕುಮ ಮೆತ್ತುತ್ತಿದ್ದವನು ನಾನೇ. ನಾದಿನಿಯ ಮನೆಯಲ್ಲಿ ಎರಡು ಒಬ್ಬಟ್ಟು ಹಾಕಿದರು. ಒಂದನ್ನೂ ಮುಗಿಸಲಾಗಲಿಲ್ಲ.

ಮಾರನೆಯ ದಿನ ಪಾಂಡವಪುರಕ್ಕೆ ಹೋಗಿ ಶಿವಲಿಂಗಣ್ಣನಿಗೆ ಎಲ್ಲ ಹೇಳಿದೆ. ಅವನು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಅದಿರ್ಲಿ ಸಾ. ಪೇಪರ್ನಾಗೆ ಸಾರ್ವಜನಿಕರು ಅಂತ ಬರ್ದಿದ್ರಲ್ಲ, ಯಾರವ್ರು? ಒಸಿ ಕರ್ಕಂಡ್ ಬನ್ನಿ, ಮಾತಾಡಣ.”

“ನಾನೇ” ಎಂದೆ.

“ಬ್ಯಾರೆ ಯಾರೂ ಇಲ್ವಾ?”

“ಇಲ್ಲ.”

ಅವನು ಕೈಯನ್ನು ಬಟ್ಟೆಯಲ್ಲಿ ಒರೆಸಿಕೊಂಡ. “ಅವತ್ತು ಆರು ಜನದ ಮುಂದೆ ಅಂದ್ರಿ. ನನ್ನೊಬ್ಬನ ಮುಂದೆ ವಾಪಸ್ ತಗಂಡ್ರೆ ಎಂಗೆ? ಭಾನುವಾರ ಬನ್ನಿ. ಅದೇ ಆರು ಜನ ಇರ್ತಾರೆ.”

ಅಂದು ಸಂಜೆ ಪತ್ರಿಕಾ ಕಚೇರಿಗೆ ಫೋನು ಮಾಡಿ ತಿದ್ದುಪಡಿ ಹಾಕಬೇಕೆಂದೆ. ಉಪಸಂಪಾದಕಿ ಹೊಸ ಹುಡುಗಿ, ನನ್ನ ಉಪದೇಶವನ್ನು ಪೂರ್ತಿ ಕೇಳಿಸಿಕೊಂಡಿದ್ದವಳು. “ಸರ್, ಆರೋಪ ಮಾಡಿದ ಸಾರ್ವಜನಿಕರು ಎಷ್ಟು ಮಂದಿ? ಖಚಿತ ಮಾಡಿಕೊಳ್ಳಬೇಕು ಅಂತ ನೀವೇ ಹೇಳಿದ್ರಿ” ಎಂದು ಕೇಳಿದಳು. ಒಬ್ಬರು ಎಂದೆ. “ಹೆಸರು ಸರ್?” ಎಂದಳು. ಕಾಗುಣಿತ ಸಹಿತ ಹೇಳಿದೆ.

ಭಾನುವಾರ ಹತ್ತೂವರೆಗೆ ಗ್ಯಾರೇಜಿನ ಮುಂದೆ ಐದು ಜನ ಸೇರಿದ್ದರು. ಆರನೆಯವರು ನಾಗಮಂಗಲಕ್ಕೆ ಹೋಗಿದ್ದರು. ಐದು ಜನ ಸಾಲದೇ ಎಂದು ಕೇಳಿದೆ. “ಲೆಕ್ಕ ಅಂದ್ರೆ ಲೆಕ್ಕ ಅಲ್ವಾ ಸಾ?” ಎಂದ ಶಿವಲಿಂಗಣ್ಣ. ಎರಡು ಗಂಟೆ ಕಾಲ ಅಲ್ಲೇ ನಿಂತಿದ್ದೆ. ಎದುರಿನ ಟೀ ಅಂಗಡಿಯ ನಿಂಗ ಬೆಂಚು ತೋರಿಸಿದ, ಕೂರಲಿಲ್ಲ. ಹನ್ನೆರಡೂವರೆಗೆ ಬಸ್ಸಿಳಿದು ಆರನೆಯವರು ಬಂದರು. ತಪ್ಪು ನನ್ನದು, ಶಿವಲಿಂಗಣ್ಣ ಒಂದು ತೊಟ್ಟು ಪೆಟ್ರೋಲ್ ಮುಟ್ಟಿಲ್ಲ ಎಂದು ಗಟ್ಟಿಯಾಗಿ ಹೇಳಿದೆ. ಆರನೆಯವರಿಗೆ ಕಿವಿ ಸ್ವಲ್ಪ ಮಂದವಂತೆ. ಇನ್ನೊಮ್ಮೆ ಹೇಳಿದೆ.

ಶಿವಲಿಂಗಣ್ಣ ಬಾನೆಟ್ ಎತ್ತಿ ಹಳೆಯ ಜೆಟ್ ಹಾಕಿದ. ಸ್ಕ್ರೂವನ್ನು ಒಂದು ಸುತ್ತು ಹಿಂದಕ್ಕೆ ತಿರುಗಿಸಿದ. ಸ್ಕ್ರೂಡ್ರೈವರನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿ ನಿಂತ. ಕಾರು ಕೆಮ್ಮುವುದನ್ನು ನಿಲ್ಲಿಸಿತು. ಬುಧವಾರ ತಿದ್ದುಪಡಿ ಪ್ರಕಟವಾಯಿತು. ಅದನ್ನು ಕತ್ತರಿಸಿ ಶಿವಲಿಂಗಣ್ಣ ಗ್ಯಾರೇಜಿನ ಗೋಡೆಗೆ ಅಂಟಿಸಿದ್ದಾನೆ. ಅಂಬಾಸಿಡರಿನವರಲ್ಲಿ ಒಬ್ಬರು ಮತ್ತೆ ಬರುತ್ತಿದ್ದಾರೆ, ಇನ್ನೊಬ್ಬರು ಬಂದಿಲ್ಲ.

ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದೆ. ಶಿವಲಿಂಗಣ್ಣ ಇನ್ನಾವುದೋ ಕಾರಿನ ಬಾನೆಟ್ಟಿನೊಳಗಿಂದ ತಲೆ ಎತ್ತದೆ ಟೀ ಅಂಗಡಿಯ ಕಡೆಗೆ ಕೂಗಿದ: “ಲೇ ನಿಂಗ, ಸಾರ್ವಜನಿಕರು ಬಂದವ್ರೆ, ಒಂದು ಟೀ ಕೊಡ್ಲಾ.”