ಹೆಪ್ಪುಗಟ್ಟಿದ ಸರೋವರದ ಮೇಲೆ ಗಂಡಸರ ಪಾರಾಯಣ

ಒಂದು ಪುಸ್ತಕವನ್ನು ಗಂಡಸು ಬರೆದದ್ದೋ ಹೆಂಗಸು ಬರೆದದ್ದೋ ಎಂಬುದನ್ನು ಎರಡನೇ ಸಾಲಿಗೇ ಹೇಳಿಬಿಡುವ ದಿವ್ಯಶಕ್ತಿ ತನಗಿದೆ ಎಂದು ಆರ್ವಿಡ್ ಟೋರ್ಸನ್ ನಂಬಿದ್ದ. ಮೊದಲನೇ ಸಾಲಿಗೇ ಯಾಕಿಲ್ಲ ಎಂದು ಕೇಳಿದರೆ, ಮೊದಲನೇ ಸಾಲನ್ನು ಯಾರು ಬೇಕಾದರೂ ಚೆನ್ನಾಗಿ ಬರೆಯುತ್ತಾರೆ ಎನ್ನುತ್ತಿದ್ದ. ಎರಡನೆಯದರಲ್ಲಿ ಗುಟ್ಟು ರಟ್ಟಾಗುತ್ತದೆ. ಹೆಂಗಸಾದರೆ ಕಿಟಕಿಯ ಪರದೆಗೆ ಯಾವ ಬಣ್ಣ ಎಂದು ಹೇಳುತ್ತಾಳೆ, ಗಂಡಸಾದರೆ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಎಂದು ಹೇಳುತ್ತಾನೆ. ಇದು ಆರ್ವಿಡ್‌ನ ಸಿದ್ಧಾಂತ. (ಅವನ ಹೆಂಡತಿ ಸಿಗ್ನೆಯ ಸಿದ್ಧಾಂತವೇ ಬೇರೆ. ಸ್ವಂತ ಮನೆಯ ಪರದೆಗೆ ಯಾವ ಬಣ್ಣ ಎಂಬುದು ಅವನಿಗೆ ಈವರೆಗೆ ಗೊತ್ತಿಲ್ಲ, ಗಾಳಿಯ ದಿಕ್ಕು ಮೊದಲೇ ಗೊತ್ತಿಲ್ಲ, ಅದಕ್ಕೇ ಅವನಿಗೆ ಮೀನು ಸಿಗುವುದಿಲ್ಲ.)

ಮೀನು ಸಿಗುತ್ತಿರಲಿಲ್ಲ ಎಂಬುದು ನಿಜ. ಆದರೂ ಉತ್ತರ ಮಿನೆಸೋಟಾದ ಆ ಸರೋವರ ಹೆಪ್ಪುಗಟ್ಟಿ, ಅದರ ಮೇಲೆ ಟ್ರಕ್ಕು ಓಡಿಸುವಷ್ಟು ಗಟ್ಟಿಯಾಯಿತೆಂದರೆ ಆರ್ವಿಡ್‌ನ ಮುಖಕ್ಕೆ ಕಳೆ ಬರುತ್ತಿತ್ತು. ಗೆಳೆಯ ವರ್ಡೆಲ್ ತನ್ನ ತಗಡಿನ ಮೀನುಮನೆಯನ್ನು ಎಳೆದು ತಂದು ಮಂಜುಗಡ್ಡೆಯ ಮೇಲೆ ನಿಲ್ಲಿಸುತ್ತಿದ್ದ. ಒಳಗೊಂದು ಒಲೆ, ಕೆಳಗಿನ ನೀರಿಗೆ ಗಾಳ ಇಳಿಬಿಡಲು ನೆಲದಲ್ಲಿ ಮೂರು ತೂತು, ಕೂರಲು ಮೂರು ಬೋರಲು ಬಕೆಟ್ಟು. ವರ್ಡೆಲ್ ಮತ್ತು ಇನ್ನೊಬ್ಬ ಗೆಳೆಯ ಮಿಲೋ ಗಾಳ ಬಿಟ್ಟು ಕೂರುತ್ತಿದ್ದರು. ಮೂರನೇ ಬಕೆಟ್ಟು ಆರ್ವಿಡ್‌ನ ವ್ಯಾಸಪೀಠ. ಅದರ ಮೇಲೆ ಕೂತು ಅವನು ದೊಡ್ಡ ದನಿಯಲ್ಲಿ ಪುಸ್ತಕ ಓದುತ್ತಿದ್ದ, ಉಳಿದಿಬ್ಬರೂ ಕೇಳುತ್ತಿದ್ದರು.

ಕೇಳುತ್ತಿದ್ದರು ಎಂಬುದೇ ಮುಖ್ಯ. ಜೀವಮಾನವಿಡೀ ಶಾಲೆಯ ಬಸ್ಸು ಓಡಿಸಿದವನು ಅವನು. 'ಕೂತ್ಕೊಳ್ರೋ' ಎಂದು ಅಷ್ಟು ವರ್ಷ ಕಿರುಚಿದರೂ ಒಂದು ಮಗುವೂ ಕೂತಿರಲಿಲ್ಲ. ಮನೆಯಲ್ಲಿ ಸಿಗ್ನೆ ಕೇಳುತ್ತಿದ್ದಳೇ ಎಂದರೆ ಆ ಪ್ರಶ್ನೆಗೆ ನಗುವೇ ಉತ್ತರ. ಇಡೀ ಭೂಮಂಡಲದಲ್ಲಿ ಅವನ ಬಾಯಿಂದ ಹೊರಟ ಮಾತಿಗೆ ಕಿವಿಗೊಡುವ ಜಾಗ ಇದ್ದರೆ ಅದು ಆ ತಗಡಿನ ಗೂಡು ಒಂದೇ. ಆ ಬಕೆಟ್ಟು ಕೈಬಿಟ್ಟರೆ ಚಳಿಗಾಲದಲ್ಲಿ ತಾನು ಬದುಕಿದ್ದೂ ಸತ್ತಂತೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಪೀಠಾಧಿಪತಿಗೆ ಒಂದು ನೇಮವಿತ್ತು. ಮೀನುಮನೆಯಲ್ಲಿ ಹೆಂಗಸರ ಪುಸ್ತಕ ಓದಕೂಡದು. ಅದನ್ನು ಮಾಡಿದವನೂ ಅವನೇ, ಕಾಯುತ್ತಿದ್ದವನೂ ಅವನೇ. ಆದರೆ ಲೈಬ್ರರಿಗೆ ಹೋಗಿ ಪುಸ್ತಕ ಹುಡುಕಿ ತರುವುದು ಮಾತ್ರ ಹೆಂಗಸರ ಕೆಲಸ, ಆದ್ದರಿಂದ ಅದು ಸಿಗ್ನೆಯ ಪಾಲಿಗೆ. ಹಿಂದಿನ ಚಳಿಗಾಲ ಆರ್ವಿಡ್ ಒಂದು ಪುಸ್ತಕವನ್ನು, ಗಾಳಕ್ಕೆ ಸಿಕ್ಕಿಸುವ ಎರೆಮೀನುಗಳನ್ನು ನೀರಲ್ಲಿ ಬಿಟ್ಟಿದ್ದ ಬಕೆಟ್ಟಿಗೆ ಬೀಳಿಸಿದ್ದ. ಲೈಬ್ರರಿಯಾಕೆ ಬಹಳ ಮೆಲುದನಿಯಲ್ಲಿ 'ಪರವಾಗಿಲ್ಲ ಬಿಡಿ' ಎಂದಿದ್ದಳು. ಆ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಅಂದಿನಿಂದ ಸಿಗ್ನೆ ಪ್ರತಿ ಪುಸ್ತಕಕ್ಕೂ ದಿನಸಿ ಅಂಗಡಿಯ ಕಂದು ಕಾಗದದ ಚೀಲ ಕತ್ತರಿಸಿ ಹೊದಿಕೆ ಹಾಕಿ, ಮೊದಲ ಹಾಳೆಗಳನ್ನು ಸೇರಿಸಿ ಟೇಪು ಅಂಟಿಸಿ ಕೊಡುತ್ತಿದ್ದಳು. "ಅದ್ರಲ್ಲೇನಿರುತ್ತೆ, ಬರೀ ಹೆಸರು ಗಿಸರು. ಒದ್ದೆ ಆಗದೆ ಇರ್ಲಿ" ಎನ್ನುತ್ತಿದ್ದಳು. ಕಥೆ ಗಟ್ಟಿಯಾಗಿದ್ದರೆ ಕರ್ತೃವಿನ ಹೆಸರು ಯಾರಿಗೆ ಬೇಕು ಎಂದು ಆರ್ವಿಡ್ ಕೂಡ ಉದಾರವಾಗಿ ಒಪ್ಪಿದ್ದ.

ಆ ಜನವರಿಯಲ್ಲಿ ಬಂದ ಪುಸ್ತಕ ಸುಪೀರಿಯರ್ ಸರೋವರದ ಬಿರುಗಾಳಿಗೆ ಸಿಕ್ಕ, ಅದಿರು ಸಾಗಿಸುವ ಹಡಗೊಂದರ ಕಥೆ.

"ಎರಡನೇ ಸಾಲು ಕೇಳಿಸ್ಕೊಂಡ್ರಾ?" ಎಂದು ಆರ್ವಿಡ್ ಬೆರಳೆತ್ತಿದ. "ವಾಯವ್ಯದ ಗಾಳಿ! ಪರದೆ ಗಿರದೆ ಇಲ್ಲ. ಗಂಡಸು ಕಣ್ರಯ್ಯಾ, ಅಪ್ಪಟ ಗಂಡಸು."

"ಇರಬಹುದು" ಎಂದ ವರ್ಡೆಲ್. ಮಿಲೋ ತನ್ನ ಕಾಫಿ ಲೋಟದೊಳಗೆ ಏನೋ ಬಿದ್ದಿದೆಯೇನೋ ಎಂಬಂತೆ ನೋಡಿದ.

ಪುಸ್ತಕವೋ, ಅವನನ್ನು ಹಿಡಿದು ಅಲ್ಲಾಡಿಸಿಬಿಟ್ಟಿತು. ಹಡಗು ವಾಲುತ್ತಿದೆ. ತಳದ ಎಂಜಿನ್ನು ಕೋಣೆಯಲ್ಲಿ ಮುದುಕನೊಬ್ಬ ಲಾಟೀನು ಹಿಡಿದು ನಿಂತಿದ್ದಾನೆ. ಕತ್ತಲಲ್ಲಿ ದಿಕ್ಕು ತಪ್ಪಬಾರದೆಂದು ಒಬ್ಬೊಬ್ಬರ ಹೆಸರನ್ನೂ ಕೂಗಿ ಏಣಿ ಹತ್ತಿಸುತ್ತಾನೆ. ಎಲ್ಲರೂ ಮೇಲೆ ಹೋದ ಮೇಲೆ, ಅವನ ಹೆಸರನ್ನು ಕೂಗಲು ಕೆಳಗೆ ಯಾರೂ ಉಳಿದಿಲ್ಲ. ಅಲ್ಲಿಗೆ ಬಂದಾಗ ಆರ್ವಿಡ್‌ನ ಕಣ್ಣು ತುಂಬಿತು. ಒಲೆಯ ಹೊಗೆ ಎಂದ. ವರ್ಡೆಲ್ ಸದ್ದು ಮಾಡಿ ಮೂಗು ಒರೆಸಿಕೊಂಡ. ಮಿಲೋನ ಗಾಳದ ಗಂಟೆ ಟಿಣಿಟಿಣಿ ಬಡಿದುಕೊಂಡರೂ ಯಾರೂ ಎದ್ದು ನೋಡಲಿಲ್ಲ. ಮೀನು ಎರೆ ತಿಂದು, ತೇಗಿ, ಹೊರಟುಹೋಯಿತು.

"ಇಲ್ಲಿ ಲೇಖಕ ಏನು ಹೇಳ್ತಾನೆ ಅಂದ್ರೆ..." ಎಂದು ಆರ್ವಿಡ್ ಕಣ್ಣೊರೆಸಿಕೊಂಡು ಭಾಷ್ಯಕ್ಕೆ ತೊಡಗಿದ. ಭಾಷ್ಯ ಮೂಲಕ್ಕಿಂತ ಉದ್ದ ಹೋಯಿತು. "ಇವನು ಹಡಗಲ್ಲಿ ದುಡಿದು ಕೈ ಸುಟ್ಕೊಂಡವನೇ. ಮನೇಲಿ ಕೂತು ಸ್ವೆಟರ್ ಹೆಣೆಯೋರಿಗೆ ಇದೆಲ್ಲ ಎಲ್ಲಿಂದ ಬರ್ಬೇಕು?"

ಅಷ್ಟರಲ್ಲಿ ಅವನ ಗಾಳವೂ ಎಳೆಯಿತು. ವರ್ಷಕ್ಕೊಮ್ಮೆ ಬರುವ ಭಾಗ್ಯ! ಆರ್ವಿಡ್ ಹಾರಿದ, ಪುಸ್ತಕವೂ ಹಾರಿತು, ಮೀನು ತಪ್ಪಿಸಿಕೊಂಡಿತು, ಪುಸ್ತಕ ನೆಟ್ಟಗೆ ಎರೆಮೀನಿನ ಬಕೆಟ್ಟಿಗೆ ಬಿತ್ತು. ಎತ್ತಿಕೊಂಡರೆ ನೆಂದ ಕಂದು ಕಾಗದ ಬಾಳೆಹಣ್ಣಿನ ಸಿಪ್ಪೆಯಂತೆ ಜಾರಿ ಬಂತು. ಹಿಂಬದಿಯ ರಟ್ಟಿನ ಮೇಲೆ, ನರೆತ ಜಡೆಯನ್ನು ಹೆಗಲ ಮೇಲೆ ಇಳಿಬಿಟ್ಟುಕೊಂಡು, ಕೈಹೆಣಿಗೆಯ ಸ್ವೆಟರ್ ತೊಟ್ಟು, ಒಬ್ಬ ಅಜ್ಜಿ ನಗುತ್ತಿದ್ದಳು. ಕೆಳಗೆ ಹೆಸರು: ಐಲಿ ಕೋರ್ಪಿ.

ಆರ್ವಿಡ್ ಪುಸ್ತಕವನ್ನು ಬಕೆಟ್ಟಿನ ಮೇಲಿಟ್ಟು ಅದರ ಮೇಲೆ ಕೂತುಬಿಟ್ಟ.

"ಯಾರದೋ ಫೋಟೋ ಇತ್ತಲ್ಲ?" ಎಂದ ಮಿಲೋ.

"ಹಾಂ, ಅದು... ಕ್ಯಾಪ್ಟನ್ ಕೋರ್ಪಿ. ಬರೆದಾತ."

"ಹೌದಾ? ಹೇಗಿದಾನೆ?"

"ಗಡ್ಡ" ಎಂದ ಆರ್ವಿಡ್. ಒದ್ದೆ ಪುಸ್ತಕದ ತಣ್ಣೀರು ಪ್ಯಾಂಟಿನೊಳಗೆ ಇಳಿಯುತ್ತಿತ್ತು, ಕಲ್ಪನೆ ಮೇಲೇರುತ್ತಿತ್ತು. "ಇಷ್ಟುದ್ದ. ಎಡಗೈಲಿ ಒಂದು ಬೆರಳಿಲ್ಲ, ಹಗ್ಗಕ್ಕೆ ಸಿಕ್ಕಿ ಹೋಯ್ತಂತೆ. ಮೂರು ಮದುವೆ."

"ಪಾಪ" ಎಂದ ವರ್ಡೆಲ್. ಬೆರಳಿಗೋ ಮದುವೆಗೋ ಎಂದು ಹೇಳಲಿಲ್ಲ.

ಮನೆಗೆ ಬಂದವನೇ ಆರ್ವಿಡ್ ಪುಸ್ತಕವನ್ನು ಅಡುಗೆಮನೆಯ ಮೇಜಿನ ಮೇಲೆ ಕುಕ್ಕಿದ. ಸಿಗ್ನೆ ಆಲೂಗಡ್ಡೆ, ಮಾಂಸ ಸೇರಿಸಿ ಬೇಯಿಸಿದ ಹಾಟ್‌ಡಿಶ್ಶನ್ನು ಓವನ್ನಿನಿಂದ ಇಳಿಸುತ್ತಿದ್ದಳು.

"ಏನೇ ಇದು? ಹೆಂಗಸು!"

"ಹೌದು. ನಾನೂ ಹೆಂಗಸೇ. ಈಗ ಗೊತ್ತಾಯ್ತಾ?"

"ತಮಾಷೆ ಬೇಡ ಸಿಗ್ನೆ. ಗೊತ್ತಿದ್ದೂ ಕೊಟ್ಯಾ?"

"ಗೊತ್ತಿದ್ದೇ ಕೊಟ್ಟೆ. ಚೆನ್ನಾಗಿರ್ಲಿಲ್ವಾ?"

"ಚೆನ್ನಾಗಿತ್ತು ಅನ್ನೋದೇ ತೊಂದ್ರೆ!" ಎಂದವನಿಗೆ ಥಟ್ಟನೆ ಇನ್ನೊಂದು ಅನುಮಾನ ಹೊಳೆಯಿತು. "ಆ ಕರಡಿ ಬೇಟೆಗಾರನ ಕಥೆ?"

"ಹೆಂಗಸು."

"ಮರ ಕಡಿಯೋರ ಮುಷ್ಕರ? ಅದ್ರಲ್ಲಿ ಅಷ್ಟೊಂದು ಕೆಟ್ಟ ಬೈಗುಳ ಇತ್ತು!"

"ಹೆಂಗಸು. ಪಾದ್ರಿಯ ಹೆಂಡ್ತಿ."

"ದೇವ್ರೇ! ಹಾಗಾದ್ರೆ ನಾನು ಹತ್ತು ಪುಟಕ್ಕೇ ಮುಚ್ಚಿಟ್ಟೆನಲ್ಲ, ಆ ಮಳೇಲಿ ಅತ್ತೂ ಅತ್ತೂ ಕಾಗದ ಬರ್ಕೊಳ್ಳೋರ ಕಥೆ? ಹೆಂಗಸಿನದು ಅಂತ ಪರದೆ ಬಣ್ಣದಲ್ಲೇ ಹಿಡಿದೆನಲ್ಲ?"

"ಅದೊಂದೇ ಗಂಡಸಿನದು" ಎಂದಳು ಸಿಗ್ನೆ. "ಯಾರೋ ಬಾಕ್ಸಿಂಗ್ ಮೇಷ್ಟ್ರಂತೆ. ಊಟಕ್ಕೆ ಕೂತ್ಕೋ, ಆರೋಗುತ್ತೆ."

ಆರ್ವಿಡ್ ಕೂತ. ತಟ್ಟೆಯ ಆಲೂಗಡ್ಡೆಯನ್ನು ಚಮಚದಿಂದ ಅತ್ತಿತ್ತ ತಳ್ಳಿದ. ತನ್ನ ಸಿದ್ಧಾಂತ ಹೋದರೆ ಹೋಗಲಿ, ವರ್ಡೆಲ್ ಮತ್ತು ಮಿಲೋಗೆ ತಿಳಿದರೆ? ನೇಮ ಮಾಡಿದವನೇ ಚಳಿಗಾಲವಿಡೀ ಹೆಂಗಸರ ಪಾರಾಯಣ ಮಾಡಿದನೆಂದು ತಿಳಿದ ಮೇಲೆ ಪೀಠದಲ್ಲಿ ಉಳಿಸುತ್ತಾರೆಯೇ? ಆದರೂ ಊಟವಾದ ಮೇಲೆ ಅವನು ಮಾಡಿದ್ದೇನೆಂದರೆ, ಒದ್ದೆ ಪುಸ್ತಕವನ್ನು ಒಲೆಯ ಪಕ್ಕ ಹಿಡಿದು ಒಂದೊಂದೇ ಹಾಳೆ ಬಿಡಿಸಿ ಒಣಗಿಸಿದ್ದು. ಲಾಟೀನಿನ ಮುದುಕನ ಪುಟ ಬಂದಾಗ ಇನ್ನೊಮ್ಮೆ ಓದಿದ. ಅಜ್ಜಿಯ ಮುಖ ನೋಡಿದ. ಎಂಥ ಹೆಂಗಸಪ್ಪಾ ಎಂದುಕೊಂಡ. ಅದು ಮೆಚ್ಚುಗೆಯೋ ದೂರೋ ಅವನಿಗೇ ಬಗೆಹರಿಯಲಿಲ್ಲ.

ಸಂಕಟ ಒಂಟಿಯಾಗಿ ಬರುವುದಿಲ್ಲ. ಮರುದಿನ ಸಿಗ್ನೆ ಸುದ್ದಿ ತಂದಳು. ಐಲಿ ಕೋರ್ಪಿ ಶನಿವಾರ ಊರಿನ ಲೈಬ್ರರಿಗೇ ಬರುತ್ತಾಳೆ, ತನ್ನ ಹೊಸ ಪುಸ್ತಕದ ಬಗ್ಗೆ ಮಾತಾಡುತ್ತಾಳೆ, ಚರ್ಚಿನವರು ಸೂಪು ಮಾಡುತ್ತಾರೆ.

ಆರ್ವಿಡ್ ಟ್ರಕ್ಕು ಹತ್ತಿ ಗೆಳೆಯರ ಬಳಿಗೆ ಓಡಿದ. "ಶನಿವಾರ ಮೀನು ಬಹಳ ಕಚ್ಚುತ್ತಂತೆ. ಎಲ್ಲೂ ಹೋಗೋದು ಬೇಡ" ಎಂದ.

"ಶನಿವಾರ ಕ್ಯಾಪ್ಟನ್ ಬರ್ತಾನಂತಲ್ಲ" ಎಂದ ಮಿಲೋ.

"ಅವನಾ? ಅವನು ಮಹಾ ಜಂಭದವನು. ಜನ ಕಂಡ್ರೆ ಆಗಲ್ಲ. ಹಿಮ ಬೇರೆ ಬೀಳುತ್ತೆ."

"ಬೀಳ್ಲಿ ಬಿಡು. ಸೂಪಿದೆಯಂತೆ" ಎಂದ ವರ್ಡೆಲ್.

ಶನಿವಾರ ಹಿಮ ಬೀಳಲಿಲ್ಲ. ಲೈಬ್ರರಿಯಲ್ಲಿ ಆರ್ವಿಡ್ ಎಲ್ಲರ ಕೋಟು ತೂಗುಹಾಕಿದ ಮೂಲೆಯಲ್ಲಿ, ಕೋಟುಗಳ ಹಿಂದೆ, ತಾನೂ ಒಂದು ಕೋಟಿನಂತೆ ನಿಂತ. ಐಲಿ ಕೋರ್ಪಿ ಬಂದಳು. ಆಳು ಅವನ ಎದೆಯೆತ್ತರಕ್ಕೂ ಇರಲಿಲ್ಲ. ಈಗ ಸ್ಫೋಟ, ಈಗ ಪ್ರಳಯ ಎಂದು ಅವನು ಕಣ್ಣು ಮುಚ್ಚಿಕೊಂಡ. ಕಿವಿಗೆ ಬಿದ್ದದ್ದು ವರ್ಡೆಲ್‌ನ ದನಿ.

"ಕೋರ್ಪಿಯವರೇ, ಬನ್ನಿ ಬನ್ನಿ. ನಿಮ್ಮ ಹಡಗಿನ ಕಥೆ ನಾನು ಎರಡು ಸಲ ಓದಿದೀನಿ. ಮೀನುಮನೇಲಿ ಕೇಳಿದ್ದು ಬೇರೆ."

ಕೋಟುಗಳ ನಡುವಿನಿಂದ ಆರ್ವಿಡ್‌ನ ತಲೆ ಹೊರಬಂತು. "ನಿನಗೆ ಗೊತ್ತಿತ್ತಾ?"

"ನನ್ನ ಹೆಂಡ್ತಿ ಹತ್ರ ಆ ಪುಸ್ತಕ ಎಲ್ಲಾ ಇದೆ ಮಾರಾಯ" ಎಂದ ವರ್ಡೆಲ್ ಸಂಕೋಚದಿಂದ. "ಕರಡಿ ಪುಸ್ತಕದಿಂದ್ಲೇ ಗೊತ್ತು. ಮಿಲೋ ಅಂತೂ ನೀನು ಓದೋಕೆ ಮುಂಚೆ ಮನೇಲಿ ಓದ್ಕೊಂಡೇ ಬರ್ತಾನೆ."

"ಮತ್ತೆ ಹೇಳೋದಲ್ವಾ?"

"ನೀನು ಅಷ್ಟು ಖುಷಿಯಾಗಿದ್ದೆ" ಎಂದ ಮಿಲೋ. "ಮಧ್ಯೆ ಬಾಯಿ ಹಾಕೋದು ಸರಿಯಲ್ಲ ಅಂತ."

ಗಡ್ಡದ ಕ್ಯಾಪ್ಟನ್ನಿನ ಕಥೆಯನ್ನು ಮಿಲೋ ಆಗಲೇ ಐಲಿ ಕೋರ್ಪಿಯ ಕಿವಿಗೆ ಹಾಕಿದ್ದ. ಅವಳು ಹತ್ತಿರ ಬಂದು ಆರ್ವಿಡ್‌ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನನ್ನ ಮೂರು ಜನ ಹೆಂಡ್ತೀರು ಕ್ಷೇಮಾನಾ?" ಎಂದಳು.

ಭೂಮಿ ಬಾಯಿ ಬಿಡಬಾರದೇ ಎನ್ನಿಸಿದರೂ, ಮನಸ್ಸಿನಲ್ಲಿದ್ದದ್ದು ಆರ್ವಿಡ್‌ನ ಬಾಯಿಗೆ ತಾನಾಗಿ ಬಂದುಬಿಟ್ಟಿತು. "ಆ ಲಾಟೀನಿನ ಮುದುಕ ಇದಾನಲ್ಲ... ನಾನು ಅವನ ಹೆಸರು ಕೂಗಿದೆ ಕಣಮ್ಮಾ. ಒಬ್ಬನೇ ಇದ್ದಾಗ. ಯಾರಾದ್ರೂ ಕೂಗ್ಬೇಕಲ್ಲ ಅಂತ."

ಐಲಿ ನಗು ನಿಲ್ಲಿಸಿದಳು. ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನನ್ನಪ್ಪ ಕಣಪ್ಪಾ ಅವನು" ಎಂದಳು. ಅವಳ ಎಲ್ಲ ಬೆರಳೂ ಸರಿಯಾಗಿದ್ದವು, ಹಿಡಿತ ಮಾತ್ರ ಹಡಗಿನ ಹಗ್ಗ ಎಳೆದವರದ್ದಕ್ಕಿಂತ ಬಲವಾಗಿತ್ತು.

ಇಷ್ಟು ಹಗುರಾಗಿ ಮುಗಿಯಿತಲ್ಲ, ಪೀಠ ಉಳಿಯಿತಲ್ಲ ಎಂದು ಆರ್ವಿಡ್ ಸೂಪಿಗೆ ಕೈ ಹಾಕುವ ಹೊತ್ತಿಗೆ ವರ್ಡೆಲ್ ಗಂಟಲು ಸರಿಮಾಡಿಕೊಂಡ.

"ಸಿಗ್ನೆ, ಇವರ ಹೊಸ ಪುಸ್ತಕಾನ ಮೀನುಮನೆಗೆ ನೀವೇ ಬಂದು ಓದ್ತೀರಾ?"

"ನಾನಾ? ಅಯ್ಯೋ ಬೇಡಪ್ಪ" ಎಂದಳು ಸಿಗ್ನೆ. ಆರ್ವಿಡ್ ಉಸಿರು ಬಿಟ್ಟ. ಆ ಸೀಮೆಯಲ್ಲಿ ಮೊದಲನೇ 'ಬೇಡ' ಎನ್ನುವುದು ಬರೀ ಪೀಠಿಕೆ ಎಂಬುದನ್ನು ಗಾಬರಿಯಲ್ಲಿ ಮರೆತಿದ್ದ.

"ಬನ್ನಿ ಪರವಾಗಿಲ್ಲ" ಎಂದ ಮಿಲೋ.

"ನಿಮಗೆ ತೊಂದ್ರೆ. ನಾನ್ಯಾಕೆ ಅಲ್ಲಿ."

"ತೊಂದ್ರೆ ಏನ್ ಬಂತು?"

"ಹಾಗಂತೀರಾ? ಸರಿ, ಸೋಮವಾರ ಬರ್ತೀನಿ" ಎಂದು ಸಿಗ್ನೆ ಮೂರನೇ ಸಲಕ್ಕೆ ಶಾಸ್ತ್ರೋಕ್ತವಾಗಿ ಒಪ್ಪಿದಳು.

"ನಾನು ಹೆಂಗಸರ ಪುಸ್ತಕ ಓದಿದೆ ಅಂತಾನಾ?" ಎಂದ ಆರ್ವಿಡ್, ಚಮಚ ಗಾಳಿಯಲ್ಲೇ ನಿಂತಿತ್ತು.

"ಅದಕ್ಕಲ್ಲ ಮಾರಾಯ" ಎಂದ ವರ್ಡೆಲ್, ಮುಖ ಕೆಂಪಗೆ ಮಾಡಿಕೊಂಡು. "ನೀನು ಚೆನ್ನಾಗೇ ಓದ್ತೀಯ. ಆದ್ರೆ ಪುಟಕ್ಕೊಂದ್ಸಲ ಲೇಖಕ ಏನು ಹೇಳ್ತಾನೆ ಅಂತ ಶುರು ಮಾಡ್ತೀಯಲ್ಲ. ಅದ್ರಿಂದ ಏನಾಗುತ್ತೆ ಅಂದ್ರೆ, ಲೇಖಕರು ಹೇಳಿದ್ದೇ ನಮಗೆ ಕೇಳ್ಸಲ್ಲ."

ಸೋಮವಾರ ಸಿಗ್ನೆ ಬಕೆಟ್ಟಿನ ಮೇಲೆ ಕೂತಳು. ಗೂಡಿನಲ್ಲಿ ನಾಲ್ಕನೆಯವರಿಗೆ ಜಾಗವಿರಲಿಲ್ಲ, ಹೊರಗೆ ಹೊಸ ತೂತು ಕೊರೆಯುವ ಕೆಲಸ ಮಾತ್ರ ಇತ್ತು. ಆರ್ವಿಡ್ ಬೈರಿಗೆ ಹಿಡಿದು ಮುಖ ಊದಿಸಿಕೊಂಡು ಹೊರಗೆ ನಿಂತ. ಏನು ಮಹಾ ಓದುತ್ತಾಳೋ ನೋಡೋಣ ಎಂದುಕೊಂಡ. ಸಿಗ್ನೆಯ ದನಿ ತಗಡಿನ ಆಚೆಯಿಂದ ಸಣ್ಣಗೆ ಬರತೊಡಗಿತು. ದೀಪಸ್ತಂಭ ಕಾಯುವ ಹುಡುಗಿಯೊಬ್ಬಳು, ಮಂಜುಗಡ್ಡೆ ಬಿರಿದು ನೀರಿಗೆ ಬೀಳುತ್ತಾಳೆ. ಸಿಗ್ನೆ ಎಲ್ಲೂ ನಿಲ್ಲಲಿಲ್ಲ, ಏನನ್ನೂ ವಿವರಿಸಲಿಲ್ಲ. ಇಷ್ಟು ವರ್ಷ ಜೊತೆಗಿದ್ದೂ ತನ್ನ ಹೆಂಡತಿಗೆ ಇಂಥ ದನಿಯಿದೆ ಎಂದು ಆರ್ವಿಡ್‌ಗೆ ಗೊತ್ತೇ ಇರಲಿಲ್ಲ. ಬೈರಿಗೆ ಕೆಳಗಿಟ್ಟ. ಇನ್ನೂ ಸರಿಯಾಗಿ ಕೇಳಲೆಂದು ಟೋಪಿ ಮೇಲೆತ್ತಿ, ಬೆವರಿದ ಕಿವಿಯನ್ನು ತಗಡಿಗೆ ಒತ್ತಿದ.

ಒಳಗೆ ಅಧ್ಯಾಯ ಮುಗಿದು ಮೂವರೂ ಮೂಗು ಒರೆಸಿಕೊಂಡು ಬಾಗಿಲು ತೆರೆದಾಗ ಆರ್ವಿಡ್ ಗೋಡೆಗೆ ಕೆನ್ನೆ ಕೊಟ್ಟು, ಅರ್ಧ ಬಾಗಿ, ಅಲುಗಾಡದೆ ನಿಂತಿದ್ದ. ಕಿವಿ ತಗಡಿಗೆ ಹೆಪ್ಪುಗಟ್ಟಿ ಅಂಟಿಕೊಂಡಿತ್ತು.

"ಅಯ್ಯೋ ನಿನ್ನ!" ಎಂದು ಸಿಗ್ನೆ ಓಡಿ ಬಂದಳು. "ಎಷ್ಟೊತ್ತಾಯ್ತು ಅಂಟ್ಕೊಂಡು?"

"ಅವಳು ನೀರಿಗೆ ಬಿದ್ದಾಗ್ಲೇ."

"ಕೂಗೋದಲ್ವಾ? ಬಾಯಿ ಸತ್ತಿತ್ತಾ?"

"ಹೇಗೆ ಕೂಗ್ಲಿ?" ಎಂದ ಆರ್ವಿಡ್, ಹಲ್ಲು ಕಟಕಟ ಎನ್ನುತ್ತಿದ್ದರೂ. "ಆ ಹುಡುಗಿ ಇನ್ನೂ ನೀರಲ್ಲೇ ಇದ್ಲು."

ವರ್ಡೆಲ್ ಕಿವಿಗೆ ಸುರಿಯಲು ಬಿಸಿ ಕಾಫಿ ತಂದ. ಆರ್ವಿಡ್ ಕೈಯಡ್ಡ ಹಿಡಿದ. "ತಡಿಯಪ್ಪಾ, ಬಿಡಿಸ್ಬೇಡ. ಇಲ್ಲಿಂದ ಚೆನ್ನಾಗಿ ಕೇಳುತ್ತೆ" ಎಂದ. "ಸಿಗ್ನೆ, ಒಳಗೆ ಹೋಗು. ಮುಂದಿನ ಅಧ್ಯಾಯ ಓದು."