ನಾದಿನಿಯ ಚಾಡಿಕೋರ ಕಂಪ್ಯೂಟರು

ನನ್ನ ನಾದಿನಿ ಹಾವಿಗೆ ಹೆದರುವವಳಲ್ಲ, ಆಫೀಸಿನ ಸಾಹೇಬರಿಗೆ ಹೆದರಿದವಳಲ್ಲ, ಡಾಕ್ಟರನ್ನಂತೂ ತಾನೇ ಹೆದರಿಸಿ ಬರುತ್ತಾಳೆ. ಆದರೆ ಒಂದು ಕೆಂಪು ಗೆರೆ ಎಂದರೆ ಅವಳ ಜೀವ ಬಾಯಿಗೆ ಬರುತ್ತದೆ. ತಮಾಷೆ ಏನೆಂದರೆ, ಆ ಗೆರೆ ಅವಳ ಕಣ್ಣಿಗೆ ಕಾಣುವುದೇ ಇಲ್ಲ!

ಮೊದಲೇ ಹೇಳಿಬಿಡುತ್ತೇನೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಬಸ್ಸೇ ಹೋಗಿರುತ್ತದೆ. ಅದಕ್ಕೇ ನಾನು ಬಾಯಲ್ಲಿ ಹೇಳುತ್ತಿದ್ದೇನೆ, ಇದನ್ನು ಟೈಪು ಮಾಡುತ್ತಿರುವವಳು ಅದೇ ನಾದಿನಿ. ತನ್ನ ಮಾನವನ್ನು ತಾನೇ ಟೈಪು ಮಾಡಿ ಹರಾಜಿಗಿಡುವ ಹೆಂಗಸನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಇವಳು ಶಿವಮೊಗ್ಗದ ಆಫೀಸೊಂದರಲ್ಲಿ ಟೈಪಿಸ್ಟ್ ಆಗಿದ್ದಳು. ಮದುವೆಯಾಗಲಿಲ್ಲ, ವಿನೋಬನಗರದಲ್ಲಿ ಒಬ್ಬಳೇ ಇರುತ್ತಾಳೆ. ರಿಟೈರ್ ಆಗುವ ಹೊತ್ತಿಗೆ ಕಣ್ಣಿನೊಳಗೆ ಪ್ರೆಶರ್ ಏರಿ ಎರಡೂ ಕಣ್ಣು ಹೋದವು. “ಇನ್ನು ಶಿವನಾಮ ಹೇಳಿಕೊಂಡು ಮನೆಯಲ್ಲಿರು” ಎಂದು ಬಳಗವೆಲ್ಲ ಬುದ್ಧಿ ಹೇಳಿತು. ಇವಳು ಹೋಗಿ ಮಡಚುವ ಕಂಪ್ಯೂಟರು ತಂದಳು! ಪರದೆಯ ಮೇಲೆ ಇರುವುದನ್ನೆಲ್ಲ ಓದಿ ಹೇಳುವ ಸಾಫ್ಟ್‌ವೇರ್ ಹಾಕಿಸಿಕೊಂಡಳು. ನೆಗಡಿಯಾದವನು ಮೂಗು ಹಿಡಿದುಕೊಂಡು ಮಾತಾಡಿದ ಹಾಗೆ ಅದರ ದನಿ. ಅದೂ ಎಂಥ ವೇಗ! ನನಗೆ ಒಂದು ಪದವೂ ತಿಳಿಯುತ್ತಿರಲಿಲ್ಲ. ಪಕ್ಕದ ಮನೆಯಾಕೆ ಒಂದು ದಿನ ಬಂದು, “ನಿಮ್ಮ ಮಿಕ್ಸಿ ರಿಪೇರಿ ಮಾಡಿಸ್ಬಾರ್ದಾ?” ಎಂದು ಕೇಳಿದಳು.

ಕರೆಂಟು ದಂಡ ಎಂದು ಪರದೆಯನ್ನು ಕತ್ತಲು ಮಾಡಿಯೇ ಇಡುತ್ತಾಳೆ. ಕಪ್ಪು ಪರದೆಯ ಮುಂದೆ ಕೂತು ಟಕಟಕ ಹೊಡೆಯುವುದನ್ನು ಕಂಡು ಗ್ಯಾಸ್ ಸಿಲಿಂಡರ್ ತಂದವನು ಮರುಗಿದನಂತೆ: “ಅಮ್ಮಾ, ಅದು ಆಫ್ ಆಗಿದೆ.”

“ನನ್ನ ಕಣ್ಣೂ ಆಫ್ ಆಗಿದೆ ಮಾರಾಯ, ಇಬ್ರೂ ಸಮ” ಎಂದಳಂತೆ ಇವಳು.

ನನ್ನನ್ನೂ ಬಿಟ್ಟವಳಲ್ಲ. “ನಿಮಗೆ ಕಣ್ಣಿದೆ, ಓದು ಬರಲ್ಲ. ನಂಗೆ ಓದು ಬರುತ್ತೆ, ಕಣ್ಣಿಲ್ಲ. ಇಬ್ರೂ ಸೇರಿದ್ರೆ ಒಬ್ಬ ಗುಮಾಸ್ತ ಆಗ್ತೀವಿ ಅತ್ತಿಗೆ!”

“ಸಂಬಳ ಯಾರಿಗೆ?” ಎಂದೆ.

ಇನ್ನು ಕೆಂಪು ಗೆರೆ. ಟೈಪು ಮಾಡುವಾಗ ತಪ್ಪಾದರೆ ಆ ಪದದ ಕೆಳಗೆ ಕಂಪ್ಯೂಟರು ಕೆಂಪು ಗೆರೆ ಎಳೆಯುತ್ತದೆ. ಇವಳಿಗೆ ಅದನ್ನು “ಕಾಗುಣಿತ ದೋಷ” ಎಂದು ಕೂಗಿ ಹೇಳುತ್ತದೆ. ಸಾಹೇಬರ ತಪ್ಪನ್ನೇ ತಿದ್ದಿ ಟೈಪು ಮಾಡುತ್ತಿದ್ದವಳು, ಸಹಿಸುತ್ತಾಳೆಯೇ? ಆದರೆ ಆ ಯಂತ್ರಕ್ಕೆ ನಮ್ಮ ಕಡೆಯ ಹೆಸರುಗಳು ಗೊತ್ತಿಲ್ಲ. ನನ್ನ ಹೆಸರೂ ದೋಷ, ನಮ್ಮ ಯಜಮಾನರ ಹೆಸರೂ ದೋಷ! ಇಡೀ ಬಳಗದ ಹೆಸರನ್ನು ಅದರ ನಿಘಂಟಿಗೆ ಸೇರಿಸಿ ಜನ್ನಾಪುರದ ನಮ್ಮ ಮನೆಗೆ ಫೋನು ಮಾಡಿದಳು. “ಅತ್ತಿಗೆ, ಇವತ್ತಿಂದ ನೀವು ತಪ್ಪಲ್ಲ.”

“ಅದನ್ನ ಸ್ವಲ್ಪ ನಿಮ್ಮಣ್ಣನಿಗೂ ಹೇಳು” ಎಂದೆ.

ನಮ್ಮ ಬಳಗದಲ್ಲಿ ಏನೇ ಕಾರ್ಯವಾದರೂ ಕಾರ್ಡು ಬರೆಯುವವಳು ಇವಳೇ. ಹೊಸದಾಗಿ ಬರೆಯುವುದಿಲ್ಲ, ಹಳೇ ಕಾರ್ಡನ್ನೇ ತೆರೆದು ಅದರ ಮೇಲೆ ತಿದ್ದುತ್ತಾಳೆ. ಯಾವುದನ್ನು ಹೊಡೆದುಹಾಕಿದೆ ಎಂಬುದು ಗೊತ್ತಿರಬೇಕು ಎನ್ನುವುದು ಆಫೀಸಿನ ಅಭ್ಯಾಸ. ಹಾಗಾಗಿ ಅಳಿಸಿದ ಪದವೂ ಗೀಟು ಹೊಡೆಸಿಕೊಂಡು ಅಲ್ಲೇ ಕೂತಿರುತ್ತದೆ. ಕೊನೆಯಲ್ಲಿ ಒಂದು ಕೀಲಿ ಒತ್ತಿದರೆ ಮಾತ್ರ ಪೂರ್ತಿ ಹೋಗುತ್ತದೆ. ಅಲ್ಲಿಯವರೆಗೂ ಯಂತ್ರ “ಅಳಿಸಿದ್ದು” ಎಂದು ಹೇಳಿ, ಆ ಪದವನ್ನೂ ಓದಿ, “ಅಳಿಸಿದ್ದು ಮುಗಿಯಿತು” ಎಂದು ಊರಿಗೆಲ್ಲ ಸಾರುತ್ತದೆ. ಚಾಡಿಕೋರ!

ನಮ್ಮ ಯಜಮಾನರು ಭಾನುವಾರ ಬಸ್ಸು ಹತ್ತಿ ಹೋಗಿ ಇವಳ ಎದುರು ಕೂತು ಕಾರ್ಡು ಹೇಳಿ ಬರೆಸುತ್ತಿದ್ದರು. ‘ಸುಖಾಗಮನ ಬಯಸುವವರು’ ಎಂಬಲ್ಲಿ ಮೊದಲ ಹೆಸರು ಯಾವಾಗಲೂ ಅವರದೇ. ಒಂದು ಗೃಹಪ್ರವೇಶದ ಕಾರ್ಡಿನಲ್ಲಿ, ಏನೋ ಮುನಿಸಿಗೆ, ಮಲವಗೊಪ್ಪದ ಭಾವನ ಹೆಸರನ್ನು ತೆಗೆಸಿದರು. ಯಂತ್ರ “ಅಳಿಸಿದ್ದು” ಎಂದು ಶುರುಮಾಡಿ ಆ ಹೆಸರು ಓದುವುದಕ್ಕೂ, ಆ ಭಾವ ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೂ ಸರಿಹೋಯಿತು. ಎಷ್ಟೇ ವೇಗವಾಗಿ ಓದಿದರೂ ತನ್ನ ಹೆಸರು ಯಾರಿಗೆ ತಿಳಿಯುವುದಿಲ್ಲ?

“ಅಳಿಸೋದಕ್ಕೆ ನಾನಿನ್ನೂ ಸತ್ತಿಲ್ಲ ಕಣಯ್ಯಾ!”

“ಯಂತ್ರ ಕೆಟ್ಟಿದೆ ಭಾವ” ಎಂದರು ನಮ್ಮವರು.

“ಯಂತ್ರ ಸರಿಯಾಗೇ ಇದೆ, ಕೆಟ್ಟಿರೋದು ಅಣ್ಣನ ತಲೆ” ಎಂದಳು ಇವಳು. ಭಾವನ ಹೆಸರು ವಾಪಸ್ಸು ಬಂತು. ಗೃಹಪ್ರವೇಶದ ಊಟದಲ್ಲಿ ಭಾವ ಹೋಳಿಗೆ ಮೇಲೆ ಹೋಳಿಗೆ ಹಾಕಿಸಿಕೊಂಡು ಸೇಡು ತೀರಿಸಿಕೊಂಡರು.

ಅದರ ಮುಂದಿನ ಕಾರ್ಡು ನಮ್ಮ ಯಜಮಾನರ ಶಿವಗಣಾರಾಧನೆಯದು.

ನಾನು ಅಳುವ ಪೈಕಿ ಅಲ್ಲ. ಬಂದವರಿಗೆ ಕಾಫಿ ಮಾಡಬೇಕಿತ್ತು. ನಾದಿನಿ ಕಂಪ್ಯೂಟರು ಹೊತ್ತು ಜನ್ನಾಪುರಕ್ಕೆ ಬಂದಳು, ಅವರ ಕುರ್ಚಿಯಲ್ಲೇ ಕೂತಳು. ಅದೇ ಗೃಹಪ್ರವೇಶದ ಕಾರ್ಡು ತೆರೆದಳು. ‘ಸುಖಾಗಮನ’ ಹೊಡೆದುಹಾಕಿ ‘ದುಃಖತಪ್ತರು’ ಎಂದು ಮಾಡಿದಳು. ಆ ಪಟ್ಟಿಯಿಂದ ಅಣ್ಣನ ಹೆಸರು ತೆಗೆದು ಮೇಲೆ ‘ಲಿಂಗೈಕ್ಯರಾದ’ ಎಂಬುದರ ಮುಂದೆ ಇಟ್ಟಳು. ಕೆಲಸ ಮುಗಿಯಿತು ಎಂದುಕೊಂಡೆ. ಪ್ರೆಸ್ಸಿನವನು ಎರಡು ಸಲ ಫೋನು ಮಾಡಿದ. ಅಂದೇ ಸಂಜೆ ಅಚ್ಚಾಗದಿದ್ದರೆ ಹಂಚುವುದು ಯಾವಾಗ?

ಅಡುಗೆಮನೆಗೆ ದನಿ ಕೇಳಿಸುತ್ತಿತ್ತು. “ಅಳಿಸಿದ್ದು”, ಅವರ ಹೆಸರು, “ಅಳಿಸಿದ್ದು ಮುಗಿಯಿತು.” ಮತ್ತೆ ಅದೇ. ಮತ್ತೆ ಅದೇ. ಕಾಫಿ ಸೋಸುತ್ತಿದ್ದವಳಿಗೆ ಆಮೇಲೆ ಹೊಳೆಯಿತು: ಅರೆ, ಈ ಯಂತ್ರ ಹೇಳುವುದು ನನಗೆ ತಿಳಿಯುತ್ತಿದೆಯಲ್ಲ! ವೇಗವನ್ನು ಅಷ್ಟು ತಗ್ಗಿಸಿದ್ದಳು, ಪುಣ್ಯಾತ್ಗಿತ್ತಿ.

“ಪ್ರೆಸ್ಸಿನವನು ಕಾಯ್ತಿದಾನೆ. ಒತ್ತಿಬಿಡೇ.”

“ಒತ್ತಿದ್ರೆ ಇನ್ನು ಓದಲ್ಲ ಅತ್ತಿಗೆ.”

“ಮೇಲೆ ಇದೆಯಲ್ಲ ಹೆಸರು!”

“ಮೇಲಿರೋದು ಸತ್ತವರ ಹೆಸರು. ಕೆಳಗಿರೋದು ನಮ್ಮಣ್ಣನ ಹೆಸರು.”

ನಾನು ಲೋಟ ಕೆಳಗಿಟ್ಟೆ.

“ಇದೂ ಬಾಯಿ ಮುಚ್ಚಿದ್ರೆ ಈ ಮನೇಲಿ ಆ ಹೆಸರು ಹೇಳೋರು ಯಾರಿದಾರೆ? ನೀವಂತೂ ಹೇಳೋರಲ್ಲ. ಒಂದೇ ಒಂದ್ಸಲ ಹೇಳಿ, ಒತ್ತಿಬಿಡ್ತೀನಿ.”

ನಮ್ಮ ಕಾಲದಲ್ಲಿ ಗಂಡನ ಹೆಸರು ಹೇಳುವ ಪದ್ಧತಿ ಎಲ್ಲಿತ್ತು? ಮದುವೆಯ ದಿನ ಎಲ್ಲರೂ ಕಾಡಿದ್ದಕ್ಕೆ ಒಡಪು ಕಟ್ಟಿ ಹೇಳಿದ್ದು, ಅಷ್ಟೇ. ರೇಷನ್ ಅಂಗಡಿಯಲ್ಲಿ ಕೇಳಿದರೆ ಕಾರ್ಡು ತೋರಿಸುತ್ತಿದ್ದೆ. ಆಸ್ಪತ್ರೆಯಲ್ಲಿ ನರ್ಸು ಪೇಷೆಂಟ್ ಹೆಸರು ಕೇಳಿದಾಗ “ಇವರೇ” ಎಂದು ಮಂಚ ತೋರಿಸಿದೆ. ಈಗ ತೋರಿಸೋಣವೆಂದರೆ ಕುರ್ಚಿಯಲ್ಲಿ ನಾದಿನಿ ಕೂತಿದ್ದಳು. ಬಾಯಿ ತೆರೆದೆ. ಬರಲಿಲ್ಲ. ಅವಳ ಬೆರಳ ಮೇಲೆ ನನ್ನ ಬೆರಳಿಟ್ಟು ಕೀಲಿ ಒತ್ತಿದೆ. ಯಂತ್ರ ಸುಮ್ಮನಾಯಿತು. ಕಾರ್ಡು ಹೊತ್ತಿಗೆ ಸರಿಯಾಗಿ ಅಚ್ಚಾಯಿತು.

ಈ ಕಥೆಯನ್ನು ಇಲ್ಲಿಗೆ ಮುಗಿಸು ಎಂದೆ ನಾದಿನಿಗೆ, ಈಗ. ಟಕಟಕ ನಿಂತಿತು.

“ಆಗಿಂದ ಬರೀ ಯಜಮಾನರು, ನಮ್ಮವರು ಅಂತಲೇ ಹೊಡೆಸ್ತಿದೀರಿ. ಓದೋರು ಯಾರು ಅಂತ ತಿಳ್ಕೋಬೇಕು?”

“ನೀನೇ ಹಾಕ್ಕೋ.”

“ನಾನ್ಯಾಕೆ ಹಾಕ್ಲಿ? ಹೇಳಿದ್ದಷ್ಟೇ ಹೊಡೆಯೋ ಟೈಪಿಸ್ಟು ನಾನು.”

ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಅವನು ತಿರುವು ದಾಟುವವರೆಗೂ ಕಾದೆ.

ಮರುಳಸಿದ್ದಪ್ಪ.

ಹೊಡೆದಳು. ಯಂತ್ರ ನಿಧಾನವಾಗಿ ಓದಿತು, ದೋಷ ಎನ್ನಲಿಲ್ಲ. ಅವಳಿಗೆ ನಂಬಿಕೆಯಾಗಲಿಲ್ಲ. ಯಾವತ್ತೂ ಬೆಳಕು ಮಾಡದ ಪರದೆಯನ್ನು ಬೆಳಗಿಸಿ ನನ್ನ ಕಡೆ ತಿರುಗಿಸಿದಳು.

“ಕೆಂಪು ಗೆರೆ ಬಂದಿದೆಯಾ, ನೋಡಿ ಅತ್ತಿಗೆ.”

ಅಕ್ಷರ ಕೂಡಿಸಿ ಕೂಡಿಸಿ ಕೊನೆಯವರೆಗೂ ನೋಡಿದೆ. ಬಂದಿರಲಿಲ್ಲ.